ಆರಿದ್ರಾ ಮಳೆಯಲ್ಲಿ ನಾಲ್ಕು ಟೈರ್

ಮೂಡಿಗೆರೆಯಿಂದ ಬೈರಾಪುರದ ಕಡೆಗೆ ನಮ್ಮ ಭಾವನ ಕಾಫಿ ತೋಟವಿದೆ. ಮನೆಯಂಗಳದಿಂದ ಹಳ್ಳದವರೆಗೆ ಹಳೇ ಜೀಪ್ ದಾರಿ, ಎರಡು ಕಿಲೋಮೀಟರ್ ಇಳಿಜಾರು. ಮೊದಲರ್ಧ ಕೆಂಪು ಜೇಡಿಮಣ್ಣು, ಅದರ ಮೇಲೆ ಸಿಲ್ವರ್ ಓಕ್ ಮರದ ದರಗು. ಗೇಟು ದಾಟಿದರೆ ಬರೀ ಕಲ್ಲು. ವರ್ಷವರ್ಷವೂ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿ ಚೂಪುಗಲ್ಲುಗಳು ಹಲ್ಲಿನ ಹಾಗೆ ಎದ್ದು ನಿಂತಿವೆ. ಹಳ್ಳದ ಹತ್ತಿರ ಹಾಸುಬಂಡೆ, ಬಂಡೆಯ ಮೇಲೆ ಪಾಚಿ. ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್ಲಿನ, ಟೈರ್ ಪರೀಕ್ಷಿಸಲು ಇದಕ್ಕಿಂತ ಒಳ್ಳೇ ಜಾಗ ಬೇಕಿಲ್ಲ.

ಎರಡು ಮಳೆಗಾಲ ಇದೇ ದಾರಿಯಲ್ಲಿ, 27.5 ಇಂಚಿನ ಚಕ್ರದ ಒಂದೇ ಬೈಕಿಗೆ ನಾಲ್ಕು ಬಗೆಯ ಟೈರ್ ಹಾಕಿ ಓಡಿಸಿದೆ. ನನ್ನ ತೂಕ 72 ಕೆ.ಜಿ. ಎಲ್ಲವೂ ಟ್ಯೂಬ್‌ಲೆಸ್, ಒಳಗೆ ಸಣ್ಣ ತೂತು ತಾನೇ ಮುಚ್ಚುವ ಸೀಲೆಂಟ್ ದ್ರವ. ಕಂಪನಿ ಹೆಸರು ಹಿಡಿದು ಅಂಕ ಕೊಡಲು ಹೋಗುವುದಿಲ್ಲ. ಒಂದೇ ಕಂಪನಿ ಒಂದೇ ಬಟನ್ (ನೆಲ ಹಿಡಿಯುವ ಉಬ್ಬು) ಮಾದರಿಯನ್ನು ಬೇರೆ ಬೇರೆ ರಬ್ಬರಿನಲ್ಲಿ, ಬೇರೆ ಬೇರೆ ಕೇಸಿಂಗ್‌ನಲ್ಲಿ (ಟೈರಿನ ಮೈಯಲ್ಲಿ) ಮಾರುತ್ತದೆ. ಪೆಟ್ಟಿಗೆ ಮೇಲಿನ ಹೆಸರು ಒಂದೇ, ಒಳಗಿನ ಟೈರ್ ಬೇರೆಯೇ. ನಾನು ಮೊದಲ ಸಲ ಕೈಸುಟ್ಟುಕೊಂಡದ್ದು ಅಲ್ಲೇ. ಸ್ನೇಹಿತನ ಬೈಕಿನಲ್ಲಿದ್ದ ಟೈರ್ ಹೆಸರು ಬರೆದುಕೊಂಡು ಹೋಗಿ, ಅದೇ ಹೆಸರಿನ ಅಗ್ಗದ ಗಟ್ಟಿ ರಬ್ಬರಿನದನ್ನು ತಂದಿದ್ದೆ.

ಮೊದಲನೆಯದು ಬೈಕಿನ ಜೊತೆ ಬಂದದ್ದು. 2.25 ಇಂಚು ಅಗಲ, ಗಿಡ್ಡ ಬಟನ್, ಗಟ್ಟಿ ರಬ್ಬರು, ತೆಳು ಮೈ. ಅಡಿಗೆಮನೆಯ ತಕ್ಕಡಿಯಲ್ಲಿ 720 ಗ್ರಾಂ ತೂಗಿತು. ಬೇಸಿಗೆಯಲ್ಲಿ ಇದರ ಬಗ್ಗೆ ನನ್ನದೇನೂ ದೂರಿರಲಿಲ್ಲ, ಏರಿನಲ್ಲಿ ಗಾಳಿಯ ಹಾಗೆ ಓಡುತ್ತಿತ್ತು. ಆರಿದ್ರಾ ಮಳೆ ಹಿಡಿದ ವಾರವೇ ಗೇಟಿನ ಕೆಳಗೆ ಒಂದು ಚೂಪುಗಲ್ಲು ಪಕ್ಕೆಯನ್ನು ಎರಡು ಬೆರಳಗಲ ಸೀಳಿತು. ಸೀಲೆಂಟ್ ಹಾಲಿನ ಹಾಗೆ ಚಿಮ್ಮಿ ಮಳೆನೀರಿನ ಜೊತೆ ಹರಿದುಹೋಯಿತು. ನಡುಮೈಯ ತೂತಿಗೆ ರಬ್ಬರ್ ಬತ್ತಿ ತುರುಕಿದರೆ ನಿಲ್ಲುತ್ತದೆ, ಪಕ್ಕೆಯ ಸೀಳಿಗೆ ಅದು ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದ, ತೋಟದ ಲೆಕ್ಕ ನೋಡುವ ರೈಟರು ಅಲ್ಲಿಗೆ ಬಂದರು.

"ಗಾಳಿ ಹೋಯ್ತಾ ಸಾರ್?"

"ಬರೀ ಗಾಳಿ ಅಲ್ಲ ಮಾರಾಯ್ರೆ, ಪಕ್ಕೆಯೇ ಸೀಳಿದೆ."

ಬಗ್ಗಿ ಹೆಬ್ಬೆರಳಲ್ಲಿ ಮುಟ್ಟಿ ನೋಡಿದರು. "ಜೀಪಿಗೇ ಈ ಮಳೆಗೆ ಚೈನ್ ಕಟ್ತೀವಿ ನಾವು. ಇದು ಬಟ್ಟೆ ಇದ್ದ ಹಾಗಿದೆಯಲ್ಲ ಸಾರ್."

ಅವರು ಹೇಳಿದ್ದು ಅಕ್ಷರಶಃ ಸರಿ. ಕೇಸಿಂಗ್ ಅಂದರೆ ರಬ್ಬರು ಸವರಿದ ನೈಲಾನ್ ನೂಲಿನ ಬಟ್ಟೆಯೇ. ಟೈರಿನ ಮೇಲೆ ಬರೆದಿರುವ ಟಿಪಿಐ ಒಂದು ಇಂಚಿಗೆ ಎಷ್ಟು ಎಳೆ ಎಂಬ ಲೆಕ್ಕ. 120 ಅಂದರೆ ಸಣ್ಣ ನೂಲು, ಮೆದುವಾಗಿ ಬಾಗುತ್ತದೆ. 60 ಅಂದರೆ ದಪ್ಪ ನೂಲು, ಒರಟು, ತಾಳಿಕೆ ಜಾಸ್ತಿ. ಈ ಬಟ್ಟೆ ಪಕ್ಕೆಯಲ್ಲಿ ಒಂದು ಪದರವೋ ಎರಡೋ ಎಂಬುದು ಅದಕ್ಕಿಂತ ಮುಖ್ಯ. ಅವತ್ತು ಹಾಲಿನ ಪ್ಯಾಕೆಟ್ ಮಡಚಿ ಸೀಳಿನ ಒಳಗಿಟ್ಟು, ಟ್ಯೂಬ್ ಹಾಕಿ, ಉಂಬಳ ಕಿತ್ತುಹಾಕುತ್ತಾ ಮನೆ ಸೇರಿದೆ.

ಎರಡನೆಯದು ಕೆಸರಿನ ಟೈರ್. ಮಳೆ ಅಂದರೆ ಕೆಸರು, ಕೆಸರು ಅಂದರೆ ಉದ್ದ ಬಟನ್ ಎಂದು ನಾನೂ ನಂಬಿದ್ದೆ. ಜೇಡಿಮಣ್ಣಿನ ಮೊದಲರ್ಧದಲ್ಲಿ ಇದಕ್ಕೆ ಸಾಟಿಯೇ ಇಲ್ಲ, ದರಗಿನ ಕೆಳಗಿನ ಮಣ್ಣನ್ನು ಉಗುರು ಹಾಕಿದ ಹಾಗೆ ಹಿಡಿಯುತ್ತದೆ. ಬಟನ್‌ಗಳ ನಡುವೆ ಜಾಗ ಜಾಸ್ತಿ ಇರುವುದರಿಂದ ಮೆತ್ತಿದ ಮಣ್ಣು ತಾನೇ ಕಳಚಿ ಬೀಳುತ್ತದೆ. ಕಲ್ಲು ಶುರುವಾದ ಕೂಡಲೇ ಕಥೆ ಬದಲಾಯಿತು. ಬಂಡೆಗೆ ಉಗುರು ಇಳಿಯುವುದಿಲ್ಲ. ಉದ್ದ ಬಟನ್ ತುದಿ ಮಾತ್ರ ಬಂಡೆಗೆ ತಾಗಿ, ಭಾರ ಬಿದ್ದಾಗ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಅರ್ಧ ಕ್ಷಣ ತಡವಾಗಿ ಮಾತು ಕೇಳುತ್ತಿತ್ತು. ಆರು ವಾರಕ್ಕೆ ಪಕ್ಕದ ಸಾಲಿನ ಬಟನ್‌ಗಳ ಬುಡದಲ್ಲಿ ಬಿರುಕು ಕಂಡವು, ಎರಡು ಕಿತ್ತೇ ಹೋದವು. ಕಲ್ಲಿಲ್ಲದ ಕಾಡುದಾರಿಯವರು ಇದನ್ನು ಕೊಳ್ಳಲಿ. ನಮ್ಮ ಘಟ್ಟದ ಮೇಲಿನ ದಾರಿಗಳಿಗೆ ಬೇಡ.

ಮೂರನೆಯದು 2.4 ಇಂಚು, ಮಧ್ಯಮ ಎತ್ತರದ ಬಟನ್, ಮೆತ್ತನೆ ರಬ್ಬರು, ಟ್ರೈಲ್ ದರ್ಜೆಯ ಕೇಸಿಂಗ್. ತೂಕ 940 ಗ್ರಾಂ. ಹಾಸುಬಂಡೆಯ ಮೇಲೆ ಮೊದಲ ಸಲ ಬ್ರೇಕ್ ಹಿಡಿದಾಗಲೇ ವ್ಯತ್ಯಾಸ ಕೈಗೆ ತಿಳಿಯಿತು. ಮೊದಲನೇ ಟೈರ್ ಬಂಡೆಯ ಮೇಲೆ ಸಾಬೂನಿನ ಹಾಗೆ ಹೋಗುತ್ತಿದ್ದರೆ ಇದು ನಿಂತಿತು. ಅಂಗಡಿಯಲ್ಲೇ ಗೊತ್ತಾಗಬೇಕಾದರೆ ಹೆಬ್ಬೆರಳ ಉಗುರನ್ನು ಬಟನ್‌ಗೆ ಒತ್ತಿ ಬಿಡಿ. ಗಟ್ಟಿ ರಬ್ಬರು ತಕ್ಷಣ ಪುಟಿದು ಮೊದಲಿನಂತಾಗುತ್ತದೆ. ಮೆತ್ತನೆಯದರಲ್ಲಿ ಉಗುರಿನ ಗುರುತು ಒಂದು ಗಳಿಗೆ ಉಳಿದು, ನಿಧಾನಕ್ಕೆ ಮಾಯವಾಗುತ್ತದೆ. ಒದ್ದೆ ಕಲ್ಲಿನ ಮೇಲೆ ಕೆಲಸ ಮಾಡುವುದು ಆ ನಿಧಾನವೇ. ಕಲ್ಲಿನ ಸಣ್ಣ ಸಣ್ಣ ತರಿಗಳಿಗೆ ರಬ್ಬರು ಇಳಿದು ಕೂರುತ್ತದೆ, ಪುಟಿದು ಬಿಟ್ಟುಕೊಡುವುದಿಲ್ಲ. ದಪ್ಪಗೆ ಪಾಚಿ ಕಟ್ಟಿದ ಕಡೆ ಮಾತ್ರ ಯಾವ ರಬ್ಬರೂ ನಿಲ್ಲದು, ಅಲ್ಲಿ ಬ್ರೇಕ್ ಮುಟ್ಟದೆ ನೇರವಾಗಿ ದಾಟಬೇಕು.

ಇದರ ಕೊರತೆ ಎರಡು. ಹಿಂದಿನ ಚಕ್ರದಲ್ಲಿ ನಡುವಿನ ಬಟನ್ ಒಂದೇ ಮಳೆಗಾಲಕ್ಕೆ ಮುಕ್ಕಾಲು ಸವೆದಿತ್ತು. ಅದೇ ಚಕ್ರದಲ್ಲಿ ಗಾಳಿಯ ಒತ್ತಡವನ್ನು 24 ಪಿಎಸ್‌ಐಗಿಂತ ಇಳಿಸಿದರೆ ಕಲ್ಲಿಗೆ ರಿಮ್ ಬಡಿದು ಟಣ್ ಅನ್ನುತ್ತಿತ್ತು. ಬಡಿಯದಿರಲಿ ಎಂದು 28ಕ್ಕೆ ಏರಿಸಿದರೆ ಟೈರ್ ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ, ಮೆತ್ತನೆ ರಬ್ಬರಿಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ನಾಲ್ಕನೆಯದು ಅದೇ ಅಗಲ, ಹೆಚ್ಚುಕಡಿಮೆ ಅದೇ ಬಟನ್, ಆದರೆ ಎರಡು ಪದರದ ಕೇಸಿಂಗ್, 1,240 ಗ್ರಾಂ. ರಬ್ಬರು ಮೂರನೆಯದಕ್ಕಿಂತ ಒಂದು ಮೆಟ್ಟಿಲು ಗಟ್ಟಿ. ರಿಮ್‌ಗೆ ಕೂರಿಸುವಾಗ ಬೆರಳು ನೋಯುತ್ತದೆ. ಹಳ್ಳದಿಂದ ಮನೆಗೆ ಏರುವಾಗ ತೂಕ ಕಾಲಿಗೆ ಚೆನ್ನಾಗಿಯೇ ತಿಳಿಯುತ್ತದೆ. ಇಳಿಜಾರಿನಲ್ಲಿ ಮಾತ್ರ 22 ಪಿಎಸ್‌ಐ ಹಾಕಿಯೂ ರಿಮ್ ಬಡಿಯಲಿಲ್ಲ. ದಪ್ಪ ಪಕ್ಕೆಗೆ ತನ್ನದೇ ಕಸುವಿರುವುದರಿಂದ ಗಾಳಿ ಇಳಿಸಬಹುದು, ಇಳಿಸಿದರೆ ಟೈರ್ ಕಲ್ಲನ್ನು ತಬ್ಬಿಕೊಳ್ಳುತ್ತದೆ. ತಾಳಿಕೆಗೆಂದು ತಂದ ಕೇಸಿಂಗ್ ಹಿಡಿತವನ್ನೂ ಕೊಟ್ಟಿತು. ನಾನು ಎದುರು ನೋಡದಿದ್ದ ಲಾಭ ಅದು. ನಡುವೆ ಟೈರಿನೊಳಗೆ ರಿಮ್ ಸುತ್ತ ಕೂರಿಸುವ ಫೋಮ್ ಇನ್ಸರ್ಟ್ ಕೂಡ ನೋಡಿದೆ. ರಿಮ್ ಉಳಿಯುತ್ತದೆ, ಆದರೆ ಮಳೆಯಲ್ಲಿ ದಾರಿ ಮಧ್ಯೆ ಟೈರ್ ಬಿಚ್ಚಿ ಟ್ಯೂಬ್ ಹಾಕಬೇಕಾದವರಿಗೆ ಅದು ಶಿಕ್ಷೆ.

ಈಗ ನನ್ನ ಬೈಕಿನಲ್ಲಿ ಮುಂದೆ ಮೂರನೆಯದು, ಹಿಂದೆ ನಾಲ್ಕನೆಯದು. ಮುಂದಿನ ಚಕ್ರ ಜಾರಿದರೆ ಮುಖ ಕಲ್ಲಿಗೆ, ಆದ್ದರಿಂದ ಅಲ್ಲಿ ಮೆತ್ತನೆ ರಬ್ಬರು. ಮೈಭಾರ, ಪೆಟ್ಟು, ತುಳಿತ ಎಲ್ಲ ಹಿಂದಕ್ಕೆ ಬೀಳುವುದರಿಂದ ಅಲ್ಲಿ ದಪ್ಪ ಮೈ, ಬೇಗ ಸವೆಯದ ರಬ್ಬರು. ಮುಂದೆ 21, ಹಿಂದೆ 23 ಪಿಎಸ್‌ಐ. 90 ಕೆ.ಜಿ. ತೂಗುವವರು ಇನ್ನೂ ಮೂರ್ನಾಲ್ಕು ಏರಿಸಿಕೊಂಡು ಶುರು ಮಾಡಲಿ. ಒಂದಕ್ಕೇ ದುಡ್ಡಿದ್ದರೆ ಮೊದಲು ಹಿಂದಿನದನ್ನು ಬದಲಿಸಿ ಎನ್ನುತ್ತೇನೆ. ಜಾರಿದರೆ ಎದ್ದು ಬರಬಹುದು, ಪಕ್ಕೆ ಸೀಳಿದರೆ ಬೈಕ್ ಹೊತ್ತು ನಡೆಯಬೇಕು.

ಕೊಳ್ಳುವಾಗ ಲೇಬಲ್ ಓದುವುದು ಹೀಗೆ. ಮ್ಯಾಕ್ಸಿಸ್ ಕಂಪನಿಯ ಕೇಸಿಂಗ್‌ಗಳಲ್ಲಿ ಎಕ್ಸೊ ಒಂದು ಪದರಕ್ಕೆ ಪಕ್ಕೆಯ ರಕ್ಷಣೆ ಸೇರಿಸಿದ್ದು, ಎಕ್ಸೊ ಪ್ಲಸ್ ಅದಕ್ಕಿಂತ ಗಟ್ಟಿ, ಡಬಲ್‌ಡೌನ್ ಮತ್ತು ಡಿಎಚ್ (ಡೌನ್‌ಹಿಲ್) ಎರಡು ಪದರದವು. ರಬ್ಬರಿನಲ್ಲಿ ಡ್ಯುಯಲ್ ಗಟ್ಟಿ, ಮ್ಯಾಕ್ಸ್‌ಟೆರಾ ಮಧ್ಯಮ, ಮ್ಯಾಕ್ಸ್‌ಗ್ರಿಪ್ ಎಲ್ಲಕ್ಕಿಂತ ಮೆತ್ತನೆ. ಶ್ವಾಲ್ಬೆಯ ಅಡಿಕ್ಸ್ ರಬ್ಬರಿನ ಟೈರ್‌ಗಳಲ್ಲಿ ಬಣ್ಣದ ಗೆರೆ ನೋಡಿ: ನೀಲಿ ಸ್ಪೀಡ್‌ಗ್ರಿಪ್, ಕಿತ್ತಳೆ ಸಾಫ್ಟ್, ನೇರಳೆ ಅಲ್ಟ್ರಾ ಸಾಫ್ಟ್. ಕೇಸಿಂಗ್‌ಗೆ ಸೂಪರ್ ಟ್ರೈಲ್, ಅದಕ್ಕೂ ಗಟ್ಟಿ ಸೂಪರ್ ಗ್ರಾವಿಟಿ. ಕಾಂಟಿನೆಂಟಲ್‌ನ ಕ್ರಿಪ್ಟೊಟಾಲ್ ಸಾಲಿನಲ್ಲಿ ಟ್ರೈಲ್, ಎಂಡ್ಯೂರೊ, ಡೌನ್‌ಹಿಲ್ ಎಂದು ಕೇಸಿಂಗ್. ಎಂಡ್ಯೂರೆನ್ಸ್, ಸಾಫ್ಟ್, ಸೂಪರ್‌ಸಾಫ್ಟ್ ಎಂದು ರಬ್ಬರು. ಅಂಗಡಿಯವರಿಗೆ ಮಾದರಿಯ ಹೆಸರಿನ ಜೊತೆ ಈ ಎರಡು ಮಾತನ್ನೂ ಹೇಳಿ. ಆನ್‌ಲೈನ್ ಆದರೆ ಪಕ್ಕೆಯ ಫೋಟೊ ಕೇಳಿ.

ಮೊನ್ನೆ ಹಿಂದಿನ ಟೈರ್ ಬಿಚ್ಚಿ, ಒಣಗಿದ ಸೀಲೆಂಟ್ ಕಿತ್ತು, ಒಳಮೈಗೆ ಪೂರ್ತಿ ಬೆರಳಾಡಿಸಿದೆ. ಹೊರಗೆ ಪಕ್ಕೆಯ ತುಂಬ ಗೀರುಗಳಿವೆ, ಒಳಗೆ ಬಟ್ಟೆ ಎಲ್ಲೂ ಹರಿದಿಲ್ಲ. ನಡುವಿನ ಬಟನ್ ಇನ್ನೂ ಅರ್ಧಕ್ಕಿಂತ ಮೇಲಿದೆ. ಹೊಸ ಸೀಲೆಂಟ್ ಸುರಿದು ಮತ್ತೆ ಕೂರಿಸಿದ್ದೇನೆ. ಬರುವ ಮೃಗಶಿರಕ್ಕೂ ಇದೇ ಟೈರ್.