ಗುಂಡು ತೇಲುವ ಗ್ಯಾಸ್ ಫ್ಲೋಮೀಟರ್: ಅಳತೆ ಚೆನ್ನಾಗಿದೆ, ಆ ‘ಪುಸ್’ ಮಾತ್ರ ಬೇಡ

ವೆಲ್ಡಿಂಗ್ ಮಾಡುವಾಗ ಬೆಸುಗೆಗೆ ಗಾಳಿ ತಾಗದಂತೆ ಹರಿಸುವ ಗ್ಯಾಸ್‌ನ ಸಿಲಿಂಡರ್‌ಗೆ ಇದ್ದ ಎರಡು ಡಯಲ್‌ನ ರೆಗ್ಯುಲೇಟರ್ ಬಿಚ್ಚಿಟ್ಟು, ಕೊಳವೆಯೊಳಗೆ ತೇಲುವ ಗುಂಡಿನ ಎತ್ತರದಿಂದ ಹರಿವು ತೋರಿಸುವ ಈ ಮೀಟರ್ ಹಾಕಿ ವರ್ಷದ ಮೇಲಾಯಿತು. ಮನೆ ಹಿಂದಿನ ಶೆಡ್‌ನಲ್ಲಿ ಗೇಟು, ಕಿಟಕಿ ಗ್ರಿಲ್, ಹೂಕುಂಡದ ಸ್ಟ್ಯಾಂಡು, ಇಷ್ಟೇ ನನ್ನ ಕೆಲಸ. 0.8 ಎಂಎಂ ವೈರ್, ಶೇಕಡ 80 ಆರ್ಗಾನ್, 20 ಸಿಒಟು (ಕಾರ್ಬನ್ ಡೈಆಕ್ಸೈಡ್) ಮಿಕ್ಸ್.

ಹಳೆಯ ಡಯಲ್‌ನ ಮುಳ್ಳು ತೋರಿಸುತ್ತಿದ್ದದ್ದು ನಿಜವಾಗಿ ಒತ್ತಡ, ಅದರ ಮೇಲೆ ಲೀಟರ್ ಅಂತ ಬರೆದಿದ್ದರು ಅಷ್ಟೆ. ಟಾರ್ಚ್ ನಾಝಲ್‌ನಲ್ಲಿ ಕಿಡಿಯ ಉಂಡೆ ಕಟ್ಟಿಕೊಂಡು ಗ್ಯಾಸ್ ಬರದೇ ಇದ್ದರೂ ಮುಳ್ಳು ಅಲ್ಲೇ ನಿಂತಿರುತ್ತಿತ್ತು. ಇದರಲ್ಲಿ ಹಾಗಲ್ಲ, ದಾರಿ ಕಟ್ಟಿದರೆ ಗುಂಡು ಇಳಿಯುತ್ತದೆ.

ಕೆಲಸ ಶುರು ಮಾಡುವ ಮುಂಚಿನ ಹತ್ತು ನಿಮಿಷವೇ ನನಗೆ ಇಷ್ಟ. ಪಕ್ಕಕ್ಕೆ ನಿಂತು ಸಿಲಿಂಡರ್ ವಾಲ್ವ್ ನಿಧಾನ ತಿರುಗಿಸುತ್ತೇನೆ, ಜಾಯಿಂಟ್‌ಗೆ ಸೋಪಿನ ನೊರೆ ಹಚ್ಚುತ್ತೇನೆ, ವೈರ್ ಸುಮ್ನೆ ಹೊರಗೆ ಬರಬಾರದು ಅಂತ ರೋಲರ್ ಸಡಿಲ ಮಾಡುತ್ತೇನೆ, ಆಮೇಲೆ ಟ್ರಿಗರ್ ಒತ್ತಿ ಹಿಡಿದು, ಗ್ಯಾಸ್ ಹರಿಯುತ್ತಿರುವಾಗಲೇ ಗುಂಡನ್ನು ನಿಮಿಷಕ್ಕೆ 12 ಲೀಟರ್‌ಗೆ ತರುತ್ತೇನೆ. ಟ್ರಿಗರ್ ಬಿಟ್ಟು ನೋಡಿದರೆ ಏನೂ ತಿಳಿಯದು. ಕೊಳವೆ ನೆಟ್ಟಗಿರಬೇಕು, ಅದಕ್ಕೇ ಸಿಲಿಂಡರ್ ಗೋಡೆಗೆ ಚೈನ್ ಹಾಕಿದ್ದೇನೆ, ಬೀಳುವ ಭಯವೂ ಇಲ್ಲ. ಗಾಳಿ ಇದ್ದ ದಿನ 15. ಇನ್ನೂ ಜಾಸ್ತಿ ಇಟ್ಟರೆ ಒಳ್ಳೇದು ಅಂದುಕೊಳ್ಳುವವರಿದ್ದಾರೆ. ಅತಿಯಾದರೆ ಗ್ಯಾಸ್ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಬೀಡ್ (ಬೆಸುಗೆಯ ಗೆರೆ) ತುಂಬ ಸೂಜಿ ತೂತು. ಕಡಿಮೆ ಆದರೂ ಅದೇ ತೂತು, ಅಲ್ವಾ! ಫ್ಯಾನ್ ಅಂತೂ ಆಫ್, ಬಾಗಿಲು ಮಾತ್ರ ಪೂರ್ತಿ ಮುಚ್ಚುವ ಹಾಗಿಲ್ಲ, ಉಸಿರಾಟ ಬೇಕಲ್ಲ.

ಇಷ್ಟು ಹೊಗಳಿದ ಮೇಲೆ ಬೈಯುವ ವಿಷಯಕ್ಕೆ ಬರುತ್ತೇನೆ. ಪ್ರತಿ ಸಲ ಟ್ರಿಗರ್ ಒತ್ತಿದಾಗಲೂ ‘ಪುಸ್’! ಗುಂಡು ಚಿಮ್ಮಿ ಮೇಲಕ್ಕೆ ಬಡಿದು, ಆಮೇಲೆ 12ಕ್ಕೆ ಇಳಿಯುತ್ತದೆ. ಫ್ಲೋ ತಿರುಗಿಸುವ ನಾಬ್ ಇರುವುದು ಸಿಲಿಂಡರ್ ಹತ್ತಿರ, ಗ್ಯಾಸ್ ತಡೆಯುವ ವಾಲ್ವ್ ಮೆಷಿನ್ ಒಳಗೆ. ನಡುವಿನ ಹೋಸ್, ನಾನು ಟಾರ್ಚ್ ಕೆಳಗಿಟ್ಟಾಗ, ಈ ಮೀಟರ್ ಜೊತೆಗೇ ಇರುವ ರೆಗ್ಯುಲೇಟರ್‌ನ ಪೂರ್ತಿ ಒತ್ತಡಕ್ಕೆ ತುಂಬಿಕೊಳ್ಳುತ್ತದೆ. ಉದ್ದ ಬೀಡ್ ಎಳೆಯುವವರಿಗೆ ಇದು ಲೆಕ್ಕಕ್ಕಿಲ್ಲ. ನನ್ನದು ಸ್ಕ್ವೇರ್ ಪೈಪ್‌ಗೆ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಮೇಲೆ ಟ್ಯಾಕ್, ಎಲ್ಲಕ್ಕೂ ಒಂದೊಂದು ಪುಸ್, ನನ್ನ ಪುಟ್ಟ ಸಿಲಿಂಡರ್ ಹೀಗೇ ಖಾಲಿ. ಮೀಟರ್ ನೋಡಿ ಉಳಿಸಿದ್ದೆಲ್ಲ ಅಲ್ಲೇ ಹೋಯಿತು ಅಂತ ಸಿಟ್ಟು ಬರುತ್ತದೆ. ನಾಬ್ ಎಷ್ಟು ತಿರುಗಿಸಿದರೂ ಇದು ಹೋಗುವುದಿಲ್ಲ.

ಸಿಲಿಂಡರನ್ನು ಮೆಷಿನ್ ಪಕ್ಕಕ್ಕೇ ತಂದು, ಒಳತೂತು ಸಣ್ಣದಿರುವ ಗಿಡ್ಡ ಹೋಸ್ ಹಾಕಿದ ಮೇಲೆ ಪುಸ್ ಬಹಳ ತಗ್ಗಿದೆ. ಹೋಸ್‌ಗೆ ಆದ ಖರ್ಚು ರೀಫಿಲ್ ಮುಂದೆ ಏನೂ ಅಲ್ಲ. ಡಬ್ಬದಲ್ಲಿ ಕೊಟ್ಟ ಉದ್ದದ ಪೈಪನ್ನು ಯಾರೂ ಹಾಕಬೇಡಿ.

ಕೊಳ್ಳುವವರು ಸಿಲಿಂಡರ್ ವಾಲ್ವ್‌ಗೆ ಕೂರುತ್ತದಾ ನೋಡಿಕೊಳ್ಳಿ, ಬರೀ ಸಿಒಟು ಸಿಲಿಂಡರ್‌ನದು ಬೇರೆ ಥರ. ಜೊತೆಗೆ ಅದರಲ್ಲಿ ದ್ರವ ಮುಗಿಯುವವರೆಗೂ ಒತ್ತಡದ ಮುಳ್ಳು ಹೆಚ್ಚುಕಡಿಮೆ ಇಳಿಯುವುದೇ ಇಲ್ಲ, ತೂಕ ಹಾಕಿಯೇ ಎಷ್ಟು ಉಳಿದಿದೆ ಅಂತ ತಿಳಿಯಬೇಕು.