ತಾಂಡಾದ ಹೆಂಗಸರು ಪಾಠ ಹೇಳಿದ ತರಬೇತಿ, ರಾಯಚೂರು

ಹೋದ ತಿಂಗಳು ರಾಯಚೂರಿನಲ್ಲಿ ಮೆಡಿಕಲ್, ನರ್ಸಿಂಗ್ ವಿದ್ಯಾರ್ಥಿಗಳಿಗೆ ಎರಡು ದಿನದ ತರಬೇತಿ ಇತ್ತು. ವಿಷಯ ಕಲ್ಚರಲ್ ಸೇಫ್ಟಿ, ಅಂದರೆ ರೋಗಿಯ ರೀತಿ-ರಿವಾಜಿಗೆ ಅವಮಾನ ಆಗದ ಹಾಗೆ ನೋಡಿಕೊಳ್ಳೋದು. ವಾರ್ಡಿನವರೂ ಬರಬಹುದು ಅಂದಿದ್ದಕ್ಕೆ ಹೋದೆ. ನಾನು ಹದಿನಾರು ವರ್ಷದಿಂದ ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್. ಹುಟ್ಟಿದ್ದು ಲಿಂಗಸುಗೂರು ಕಡೆಯ ಲಂಬಾಣಿ ತಾಂಡಾದಲ್ಲಿ.

ಮೊದಲ ದಿನ ಪೂರ್ತಿ ಸ್ಲೈಡು, ಅದೂ ಇಂಗ್ಲಿಷಿನಲ್ಲಿ. ಆದರೆ ಒಂದು ಮಾತು ಮನಸ್ಸಿಗೆ ನಾಟಿತು. ಈ ವಿಚಾರ ಬಂದಿದ್ದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ನರ್ಸ್‌ಗಳಿಂದ. ಅವರಲ್ಲೊಬ್ಬರಾದ ಇರಿಹಾಪೆಟಿ ರಾಮ್ಸ್‌ಡೆನ್ ಅದನ್ನು ಬೆಳೆಸಿದರು. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಓದಿನೊಳಗೇ ಸೇರಿಸಿತು. 'ನಾನು ಚೆನ್ನಾಗೇ ನೋಡಿಕೊಂಡೆ' ಅಂತ ನಾವು ಹೇಳಿಕೊಂಡರೆ ಸಾಲದು. ನನಗೆ ಅವಮಾನ ಆಗಲಿಲ್ಲ ಅಂತ ರೋಗಿ ಹೇಳಬೇಕು.

ಎರಡನೇ ದಿನ ತಾಂಡಾದ ಮೂವರು ಹೆಂಗಸರು ಬಂದರು. ಕುರ್ಚಿ ಅವರಿಗೆ, ಬೆಂಚು ನಮಗೆ. ಒಬ್ಬ ಅಜ್ಜಿ ತೋಳು ಚಾಚಿ ಮೊಣಕೈ ಮೇಲಿನ ಬಿಳಿ ಬಳೆಗಳನ್ನು ತೋರಿಸಿದರು. "ಬಿಪಿ ಪಟ್ಟಿ ಕಟ್ಟೋಕೆ ಅಡ್ಡ ಅಂತ ಕತ್ತರಿ ತರ್ತೀರಿ. ಮೊದಲು ಕೇಳಬಾರದಾ?" ಸೋಪಿನ ನೀರು ಹಚ್ಚಿ, ಒಂದೊಂದಾಗಿ ತಿರುಗಿಸುತ್ತಾ ಜಾರಿಸೋದು ಹೇಗೆ ಅಂತ ಮಾಡಿ ತೋರಿಸಿದರು. ಎಮರ್ಜೆನ್ಸಿ ಆದರೆ ಅಂತ ಒಬ್ಬ ಹುಡುಗ ಕೇಳಿದ. "ಜೀವ ಹೋಗೋ ಹೊತ್ತಲ್ಲಿ ಕತ್ತರಿಸಪ್ಪ. ಆದರೆ ಹೇಳಿ ಕತ್ತರಿಸು," ಅಂದರು.

ನನಗೆ ಕಣ್ಣು ತುಂಬಿತು. ನನ್ನ ಯಾಡಿಯ (ಅವ್ವನ) ಬಳೆಗಳನ್ನೂ ಒಂದು ಆಸ್ಪತ್ರೆಯಲ್ಲಿ ಹೀಗೇ ಕತ್ತರಿಸಿ ಬಕೆಟ್ಟಿಗೆ ಹಾಕಿದ್ದರು. ಗಂಡ ಇದ್ದೂ ಬರಿತೋಳಲ್ಲಿ ತಾಂಡಾಕ್ಕೆ ಹೋಗಬೇಕಲ್ಲ ಅಂತ ಯಾಡಿ ದಾರಿಯುದ್ದಕ್ಕೂ ಅತ್ತಳು. ತಂಗಿ ಹುಟ್ಟುವಾಗ ಆಸ್ಪತ್ರೆಗೆ ಬರಲೇ ಇಲ್ಲ.

ಊಟ ಚೆನ್ನಾಗಿತ್ತು, ಜೋಳದ ರೊಟ್ಟಿ, ಪುಂಡಿಪಲ್ಯ. ಬೇಜಾರಾಗಿದ್ದು ಬೇರೆ. ಸ್ಲೈಡ್ ಓದಿದವರಿಗೆ ಸಂಭಾವನೆಯ ಕವರ್, ಈ ಮೂವರಿಗೆ ಶಾಲು ಮತ್ತು ಬಸ್ ಚಾರ್ಜು. ಪಾಠ ಹೇಳಿದವರು ಇವರೇ ಅಲ್ವಾ? ಇನ್ನೊಂದು, ಎರಡು ದಿನಕ್ಕೆ ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಳ್ಳುವ ವಿಷಯ ಇದಲ್ಲ. ರೋಗಿಯ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಕಲಿಸುವ ಆಟ್‌ಕಾಮ್ ತರಗತಿಗಳು 2019ರ ಬ್ಯಾಚಿನಿಂದ ಎಂಬಿಬಿಎಸ್‌ನಲ್ಲೇ ಇವೆ. ಆ ತರಗತಿಗೇ ಈ ಅಜ್ಜಿಯನ್ನು ಕರೆಸಲಿ, ಪರೀಕ್ಷೆಯಲ್ಲೂ ಕೇಳಲಿ.

ಮುಂದಿನ ಸಲ ಹೋಗುವವರು ಎರಡನೇ ದಿನ ಮಾತ್ರ ತಪ್ಪಿಸಬೇಡಿ. ಮುಂದಿನ ಬೆಂಚಲ್ಲೇ ಕೂತುಕೊಳ್ಳಿ. ಅಜ್ಜಿಯ ದನಿ ಸಣ್ಣದು, ಮೈಕ್ ಹಿಡಿಯೋದಿಲ್ಲ.