ಇಂದಿರಾನಗರದ ಗ್ಲಾಸು, ಶ್ರೀರಾಂಪುರದ ಬಾಟಲಿ

ಬೆಂಗಳೂರಿನಲ್ಲಿ ಬಿಯರ್ ಕುಡಿಯಲು ಅಲ್ಲೇ ತಯಾರಿಸಿ ಕೊಡುವ ಬ್ರೂವರಿ ಮೇಲೋ, ಗಲ್ಲಿ ಬಾರು ಮೇಲೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶ್ರೀರಾಂಪುರ ಮೆಟ್ರೋ ಸ್ಟೇಷನ್ ಹಿಂದಿನ ಗಲ್ಲಿಯ ಬಾರಿಗೆ. ಹೋದ ತಿಂಗಳು ಒಂದು ಶುಕ್ರವಾರ ಇಂದಿರಾನಗರದ ಬ್ರೂವರಿಯೊಂದಕ್ಕೆ ಹೋಗಿ ಬಂದಮೇಲಂತೂ ಮನಸ್ಸು ಇನ್ನೂ ಗಟ್ಟಿಯಾಯಿತು.

ರುಚಿಯ ವಿಷಯದಲ್ಲಿ ಜಗಳವೇ ಇಲ್ಲ, ಬ್ರೂವರಿಯೇ ಮೇಲು. ಅಲ್ಲೇ ತಯಾರಾದ ಗೋಧಿ ಬಿಯರ್. ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಲವಂಗದ ಪರಿಮಳ. ಎರಡನ್ನೂ ಹಾಕಿರುವುದಿಲ್ಲ, ಅದೆಲ್ಲ ಈಸ್ಟಿನ ಕೈಚಳಕ. ಗಲ್ಲಿ ಬಾರಿನಲ್ಲಿ "ಸ್ಟ್ರಾಂಗಾ, ಲೈಟಾ ಅಣ್ಣ?" ಅನ್ನುತ್ತಾರೆ. ಮೆನು ಅಲ್ಲಿಗೆ ಮುಗಿಯಿತು.

ಎಡವಟ್ಟಾಗಿದ್ದು ಬಿಲ್ಲಿನಲ್ಲಿ. ಎರಡು ಗ್ಲಾಸಿಗೆ 760, ಒಂದು ಪ್ಲೇಟ್ ಚಿಕನ್ನಿಗೆ 420. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸರ್ವಿಸ್ ಚಾರ್ಜ್ 118. ಇದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಇಷ್ಟು ಗೊತ್ತಿದ್ದಮೇಲೆ ನಾನು ಸುಮ್ನೆ ಇರುತ್ತೇನಾ?

ತೆಗೀರಿ ಅಂದೆ. ಹುಡುಗ ಹೋಗಿ ಇನ್ನೊಬ್ಬನನ್ನು ಕರೆತಂದ. ಅವನು "ಕಂಪನಿ ಪಾಲಿಸಿ ಸರ್" ಅಂದ. ಮ್ಯಾನೇಜರ್ ಇನ್ನೊಂದು ಟೇಬಲ್ಲಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕ್ ಕತ್ತರಿಸುವುದನ್ನು ನೋಡುತ್ತ ನಿಂತಿದ್ದರು. ಅದು ಮುಗಿಯಬೇಕು, ಅವರು ಬರಬೇಕು, ಸಿಸ್ಟಮ್‌ನಲ್ಲಿ ಹಳೇ ಬಿಲ್ ಕ್ಯಾನ್ಸಲ್ ಆಗಬೇಕು. ಹತ್ತೂಮುಕ್ಕಾಲಿಗೆ ಬಿಲ್ ಕೇಳಿದವನು ಹೊರಗೆ ಬಂದಾಗ ಹನ್ನೊಂದೂವರೆ. 118 ಉಳಿಸಿದ ಖುಷಿಯಲ್ಲಿ ಸ್ಟೇಷನ್ನಿಗೆ ಹೋದರೆ ಕೊನೆ ಮೆಟ್ರೋ ಹೋಗಿತ್ತು.

ಆಟೋದವನು 500 ಕೇಳಿದ. ರಾತ್ರಿ ಹತ್ತರ ಮೇಲೆ ಮೀಟರಿನ ಒಂದೂವರೆ ಪಟ್ಟು, ಅದು ನ್ಯಾಯವೇ. ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಹನ್ನೆರಡು ಕಿಲೋಮೀಟರ್ ಅಂದುಕೊಂಡರೂ ಮೀಟರ್ 216, ಅದರ ಒಂದೂವರೆ ಪಟ್ಟು 324 ಆಗುತ್ತದೆ. ಆದರೆ ಇನ್ನೊಂದು ಸಲ ಕಾನೂನು ಮಾತಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕೂತೆ.

ಗಲ್ಲಿ ಬಾರಿನ ಬಿಲ್ ಕಣ್ಣೆದುರೇ ಇರುತ್ತದೆ. ಖಾಲಿ ಬಾಟಲಿಗಳನ್ನು ಟೇಬಲ್ ಕಾಲಿನ ಹತ್ತಿರ ಇಡುತ್ತಾರೆ, ಏಳುವಾಗ ಎಣಿಸುತ್ತಾರೆ, ಮುಗಿಯಿತು. 650 ಎಂಎಲ್ ಬಾಟಲಿಗೆ ನಾನು ಕೊಡುವುದು 230. ಅಂಗಡಿ ರೇಟಿಗಿಂತ ಜಾಸ್ತಿಯೇ, ಆದರೆ ಎಷ್ಟು ಜಾಸ್ತಿ ಅಂತ ಕೂರುವ ಮುಂಚೆಯೇ ಗೊತ್ತು. ಜೊತೆಗೆ ಕಡ್ಲೆಬೀಜ, ಸೌತೆಕಾಯಿ ಹೋಳು. ಒಂದೇ ಬಾಟಲಿ ಇಟ್ಟುಕೊಂಡು ಒಂದೂವರೆ ಗಂಟೆ ಕೂತರೂ "ಇನ್ನೇನಾದ್ರೂ ಬೇಕಾ ಸರ್" ಅಂತ ತಲೆ ಮೇಲೆ ಬಂದು ನಿಲ್ಲುವವರಿಲ್ಲ. ಮೆಟ್ರೋದಲ್ಲಿ ಶ್ರೀರಾಂಪುರ ಮೆಜೆಸ್ಟಿಕ್‌ನಿಂದ ಎರಡನೇ ಸ್ಟೇಷನ್. ನನ್ನ ಮನೆಗೆ ಅಲ್ಲಿಂದ ಹತ್ತು ನಿಮಿಷದ ನಡಿಗೆ.

ಒಂದು ಎಚ್ಚರಿಕೆ. ಮುಚ್ಚಳ ತೆಗೆಯುವ ಮುಂಚೆ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿ. ಶನಿವಾರ ಎಂಟರ ಮೇಲೆ ಫ್ರಿಡ್ಜ್ ಖಾಲಿಯಾಗಿ, ಆಗಷ್ಟೇ ಒಳಗಿಟ್ಟದ್ದನ್ನೇ ತಂದುಕೊಡುತ್ತಾರೆ. "ಕೂಲಿಂಗ್ ಇಲ್ಲ, ಬದಲಾಯಿಸಪ್ಪ" ಅಂದರೆ ಬದಲಾಯಿಸುತ್ತಾರೆ. ತೆಗೆದಮೇಲೆ ಅಂದರೆ ಇಲ್ಲ.

ಟಾಯ್ಲೆಟ್ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಹೆಂಗಸರು ಬಂದದ್ದನ್ನು ನಾನು ನೋಡಿಲ್ಲ, ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ. ಇಂದಿರಾನಗರದಲ್ಲಿ ಹುಡುಗಿಯರು ಆರಾಮಾಗಿ ಕೂತು ಕುಡಿಯುತ್ತಿದ್ದರು. ಇದು ಸಣ್ಣ ವಿಷಯವೇನಲ್ಲ.

ಅಂಗಡಿಯಿಂದ ತಂದು ಮನೆಯಲ್ಲೇ ಕುಡಿಯುವುದು ಎಲ್ಲಕ್ಕಿಂತ ಅಗ್ಗ. ಅದನ್ನೂ ಮಾಡಿ ನೋಡಿದ್ದೇನೆ. ಫೋನ್ ನೋಡುತ್ತಾ ಇಪ್ಪತ್ತೇ ನಿಮಿಷದಲ್ಲಿ ಬಾಟಲಿ ಖಾಲಿ, ಮೇಲಿಂದ ಅಮ್ಮನ ಮುಖ ಬೇರೆ.

ಹಾಗಂತ ಬ್ರೂವರಿಯನ್ನು ಪೂರ್ತಿ ಬಿಟ್ಟಿಲ್ಲ. ಮುಂದಿನ ತಿಂಗಳು ಮೈಸೂರಿನಿಂದ ತಂಗಿ ಬರುತ್ತಾಳೆ, ಅವಳಿಗೆ ಗೋಧಿ ಬಿಯರ್ ಕುಡಿಸಬೇಕು. ಬಿಲ್ ಮಾತ್ರ ಒಂಬತ್ತಕ್ಕೇ ಕೇಳುತ್ತೇನೆ.